ಕೋಡಿಂಬಾಳದ ಮೇಲಿಂದ ಎರಡು ಕಡಲು

ಕೋಡಿಂಬಾಳದ ನೆತ್ತಿಯ ಮೇಲೆ 30 ಕಿ.ಮೀ. ಎತ್ತರಕ್ಕೆ ಒಂದು ಕ್ಯಾಮೆರಾ ಹೋದರೆ ಅದಕ್ಕೆ ಏನೆಲ್ಲ ಕಾಣಬಹುದು? ಲೆಕ್ಕ ಹಾಕಿ ನೋಡಿದೆ. ದಿಗಂತ ಸುಮಾರು 618 ಕಿ.ಮೀ. ದೂರ ಹೋಗ್ತದೆ. ಪಶ್ಚಿಮಕ್ಕೆ ಲಕ್ಷದ್ವೀಪದ ಆಚೆಯವರೆಗೂ ಅರಬ್ಬಿ ಕಡಲು. ಪೂರ್ವಕ್ಕೆ ಬೆಂಗಳೂರು ದಾಟಿ, ಚೆನ್ನೈ ದಾಟಿ, ಬಂಗಾಳ ಕೊಲ್ಲಿಯ ಒಂದು ಅಂಚು. ದಕ್ಷಿಣಕ್ಕೆ ಕನ್ಯಾಕುಮಾರಿ. ಅಂಚಿನ ಕಡೆ ಮಂಜು, ಧೂಳು ಇರುವುದರಿಂದ ಎಲ್ಲ ಸ್ಪಷ್ಟವಾಗಿ ಕಾಣುವುದಿಲ್ಲ, ನಿಜ. ಆದರೂ ಒಂದೇ ಜಾಗದಿಂದ ಎರಡು ಕಡಲು ಅಂದ್ರೆ ಸಣ್ಣ ಮಾತಾ?

ಈ ಲೆಕ್ಕಕ್ಕೆ ನನ್ನನ್ನು ಹಚ್ಚಿದ್ದು ಅಕ್ಕನ ಮಗ. ಇಂಜಿನಿಯರಿಂಗ್ ಎರಡನೇ ವರ್ಷ. ಸ್ಕಾಲರ್‌ಶಿಪ್ ದುಡ್ಡಲ್ಲಿ ಒಂದು ಆ್ಯಕ್ಷನ್ ಕ್ಯಾಮೆರಾ ತಗೊಂಡಿದ್ದಾನೆ. ಬೆಂಗಳೂರಿಗೆ ಫೋನ್ ಮಾಡಿ ಕೇಳಿದ: "ಮಾವ, ಹವಾಮಾನದ ಬಲೂನಿಗೆ ಕಟ್ಟಿ ನಮ್ಮ ಗುಡ್ಡೆಯಿಂದ ಬಿಡ್ಲಿಕ್ಕೆ ಆಗ್ತದಾ?"

ಇದು ಹುಚ್ಚು ಯೋಚನೆಯೇನೂ ಅಲ್ಲ. ಮಂಗಳೂರಿನ ಪಣಂಬೂರಿನಿಂದ ಹವಾಮಾನ ಇಲಾಖೆಯವರು ಇಂಥ ಬಲೂನುಗಳನ್ನು ಎಷ್ಟೋ ವರ್ಷಗಳಿಂದ ಬಿಡ್ತಾ ಬಂದಿದ್ದಾರೆ. ಅದರ ಕೆಳಗೆ ತೂಗುವ ಪುಟ್ಟ ಪೆಟ್ಟಿಗೆ ಉಷ್ಣತೆ, ತೇವಾಂಶ, ಗಾಳಿಯ ವೇಗವನ್ನು ರೇಡಿಯೋ ಮೂಲಕ ಕೆಳಗೆ ಕಳಿಸುತ್ತದೆ. ಪೆಟ್ಟಿಗೆಯ ಜೊತೆ ಕ್ಯಾಮೆರಾ ಕಟ್ಟುವ ಆಸೆ ಯಾರಿಗಾದರೂ ಬಂದೇ ಬರ್ತದೆ. 1935ರ ನವೆಂಬರಿನಲ್ಲಿ ಅಮೆರಿಕದ ಆಲ್ಬರ್ಟ್ ಸ್ಟೀವನ್ಸ್ ಮತ್ತು ಆರ್ವಿಲ್ ಆ್ಯಂಡರ್ಸನ್ 'ಎಕ್ಸ್‌ಪ್ಲೋರರ್ 2' ಬಲೂನಿನಲ್ಲಿ ತಾವೇ ಕೂತು 22 ಕಿ.ಮೀ. ಮೇಲೆ ಹೋಗಿ, ಭೂಮಿಯ ಬಾಗು ಕಾಣುವ ಚಿತ್ರ ತಂದರು. 2009ರಲ್ಲಿ ಎಂಐಟಿಯ ವಿದ್ಯಾರ್ಥಿಗಳಾದ ಜಸ್ಟಿನ್ ಲೀ ಮತ್ತು ಆಲಿವರ್ ಯೇ ಅದೇ ಕೆಲಸವನ್ನು ಮನುಷ್ಯರಿಲ್ಲದೆ ಸುಮಾರು 150 ಡಾಲರಿನಲ್ಲಿ ಮುಗಿಸಿದರು. ಒಂದು ಥರ್ಮಕೋಲ್ ಪೆಟ್ಟಿಗೆ, ಹಳೇ ಕ್ಯಾಮೆರಾ, ಜಿಪಿಎಸ್ ಇರುವ ಪ್ರಿಪೇಯ್ಡ್ ಮೊಬೈಲ್, ಅಷ್ಟೇ. ನಮ್ಮೂರಲ್ಲಿ ಮೀನು ಬರುವ ಪೆಟ್ಟಿಗೆ ಉಂಟಲ್ಲ, ಹೆಚ್ಚುಕಡಿಮೆ ಅದೇ.

ಕರ್ನಾಟಕದಲ್ಲೂ ಇದು ನಡೆದಿದೆ. ಭಾರತೀಯ ಖಭೌತ ಸಂಸ್ಥೆಯ ಜಯಂತ್ ಮೂರ್ತಿ ಮತ್ತು ತಂಡದವರು ಹೊಸಕೋಟೆಯ ತಮ್ಮ ಕ್ಯಾಂಪಸ್ಸಿನಿಂದ ಹಗುರ ಬಲೂನುಗಳನ್ನು ಬಿಟ್ಟು, ಆ ಅನುಭವವನ್ನು 2013ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದಿದ್ದಾರೆ. ಅವರ ಗುರಿ ಬರೀ ಫೋಟೋ ಅಲ್ಲ, ನೆಲಕ್ಕೆ ತಲುಪದ ಅತಿನೇರಳೆ ಬೆಳಕನ್ನು ಅಳೆಯುವುದು. ಕೋಟಿಗಟ್ಟಲೆ ಖರ್ಚಿನ ಉಪಗ್ರಹಕ್ಕೆ ಮೊದಲು ಉಪಕರಣವನ್ನು ಪರೀಕ್ಷಿಸಲು ಇದು ಅಗ್ಗದ ದಾರಿ.

ಬಲೂನು ಕೆಲಸ ಮಾಡುವ ರೀತಿ ಸರಳ. ಒಂದು ಘನ ಮೀಟರ್ ಹೀಲಿಯಂ ಸುಮಾರು ಒಂದು ಕೆ.ಜಿ. ಎತ್ತುತ್ತದೆ. ಸೆಕೆಂಡಿಗೆ 5 ಮೀಟರ್ ಏರಿದರೆ 30 ಕಿ.ಮೀ. ಮುಟ್ಟಲು 100 ನಿಮಿಷ. ಮೇಲೆ ಹೋದ ಹಾಗೆ ಹೊರಗಿನ ಒತ್ತಡ ಇಳಿದು, ರಬ್ಬರು ಉಬ್ಬುತ್ತಾ ಉಬ್ಬುತ್ತಾ ಕೊನೆಗೆ ಒಡೆಯುತ್ತದೆ. ಪ್ಯಾರಾಶೂಟು ಬಿಚ್ಚಿ ಪೆಟ್ಟಿಗೆ ಇಳಿಯುತ್ತದೆ. ಅಷ್ಟು ಮೇಲೆ ವಾತಾವರಣದ ಶೇ. 99 ಭಾಗ ಕೆಳಗೇ ಉಳಿದಿರುತ್ತದೆ. ಬೆಳಕನ್ನು ಚದುರಿಸಲು ಗಾಳಿ ಇಲ್ಲ, ಹಾಗಾಗಿ ಮಟ ಮಟ ಮಧ್ಯಾಹ್ನವೂ ಆಕಾಶ ಕಪ್ಪು. ಆದರೂ ಇದು ಬಾಹ್ಯಾಕಾಶ ಅಲ್ಲ. ಅದು ಶುರುವಾಗುವುದು 100 ಕಿ.ಮೀ. ಮೇಲೆ ಅಂತ ಸಾಮಾನ್ಯ ಲೆಕ್ಕ. ಯೂಟ್ಯೂಬಿನಲ್ಲಿ 'ಬಾಹ್ಯಾಕಾಶಕ್ಕೆ ಬಲೂನ್' ಅಂತ ಶೀರ್ಷಿಕೆ ಕಂಡರೆ ಸ್ವಲ್ಪ ನಕ್ಕುಬಿಡಿ.

ಇನ್ನೊಂದು ಮೋಸ ಲೆನ್ಸಿನದ್ದು. ಆ್ಯಕ್ಷನ್ ಕ್ಯಾಮೆರಾದ ಅಗಲ ಲೆನ್ಸು ನಮ್ಮ ಅಂಗಳದ ಗೋಡೆಯನ್ನೂ ಬಗ್ಗಿಸಿ ತೋರಿಸ್ತದೆ. ದಿಗಂತ ಚಿತ್ರದ ಮೇಲ್ಭಾಗಕ್ಕೆ ಬಂದಾಗ ಭೂಮಿ ಫುಟ್ಬಾಲಿನ ಹಾಗೆ ಕಾಣ್ತದೆ, ಕೆಳಭಾಗಕ್ಕೆ ಬಂದಾಗ ಬೋಗುಣಿಯ ಹಾಗೆ! ನಿಜ ತಿಳಿಯಬೇಕಾದರೆ ದಿಗಂತ ಚಿತ್ರದ ನಟ್ಟನಡುವೆ ಹಾದುಹೋಗುವ ಫ್ರೇಮು ನೋಡಬೇಕು. ಅಲ್ಲಿಯೂ ಬಾಗು ಇರುತ್ತದೆ, ಆದರೆ ನವಿರಾಗಿ. ಅಳಿಯನಿಗೆ ಈ ವಿಷಯ ಮೊದಲೇ ಗೊತ್ತಿತ್ತು, ನನಗೆ ಪಾಠ ಹೇಳಿದ್ದೇ ಅವ.

ಚಳಿಯದು ಬೇರೆ ಕಥೆ. ನಮ್ಮ ಅಕ್ಷಾಂಶದಲ್ಲಿ ಅತಿ ಹೆಚ್ಚು ಚಳಿ 30 ಕಿ.ಮೀ.ನಲ್ಲಿ ಅಲ್ಲ, 16-17 ಕಿ.ಮೀ. ಎತ್ತರದಲ್ಲಿ. ಅಲ್ಲಿ ಮೈನಸ್ 80 ಡಿಗ್ರಿಯ ಹತ್ತಿರ. ಮೊಬೈಲನ್ನು ನಂಬುವ ಹಾಗೂ ಇಲ್ಲ. ಟವರುಗಳ ಸಿಗ್ನಲ್ ನೆಲದ ಕಡೆಗೆ ಮುಖ ಮಾಡಿರುತ್ತದೆ, ಎಷ್ಟೋ ಜಿಪಿಎಸ್ ಚಿಪ್ಪುಗಳು 18 ಕಿ.ಮೀ. ದಾಟಿದ ಮೇಲೆ ಲೆಕ್ಕ ಕೊಡುವುದನ್ನೇ ನಿಲ್ಲಿಸುತ್ತವೆ. ಅದಕ್ಕೆ ಎತ್ತರದಲ್ಲೂ ಓಡುವ ಜಿಪಿಎಸ್, ಜೊತೆಗೆ 865-867 ಮೆಗಾಹರ್ಟ್ಸ್‌ನ ಲೋರಾ ರೇಡಿಯೋ ಬೇಕು.

ಇಷ್ಟೆಲ್ಲ ಆದ ಮೇಲೆ ನಿಜವಾದ ಪ್ರಶ್ನೆ ಕೇಳಿದ್ದು ಭಾವ. "ಅದು ಬೀಳುವುದು ಎಲ್ಲಿ?"

ಕೋಡಿಂಬಾಳಕ್ಕೆ ಇದೇ ದೊಡ್ಡ ತೊಡಕು. ಪಶ್ಚಿಮಕ್ಕೆ ಮಂಗಳೂರಿನ ಕಡಲು ನೇರ ಗೆರೆಯಲ್ಲಿ ಸುಮಾರು 65 ಕಿ.ಮೀ. ಮಳೆಗಾಲದಲ್ಲಿ 14-15 ಕಿ.ಮೀ. ಎತ್ತರದಲ್ಲಿ ಪೂರ್ವದಿಂದ ಬೀಸುವ ಜೆಟ್ ಗಾಳಿ ಗಂಟೆಗೆ 100 ಕಿ.ಮೀ. ಮೀರುತ್ತದೆ. ಆಗ ಬಿಟ್ಟರೆ ಪೆಟ್ಟಿಗೆ ಸೀದಾ ಸಮುದ್ರಕ್ಕೆ. ಬೇಸಗೆಯಲ್ಲಿ ಗಾಳಿ ತಿರುಗಿ ಪೂರ್ವಕ್ಕೆ ತಳ್ಳಿದರೆ ಕುಮಾರ ಪರ್ವತ, ಪುಷ್ಪಗಿರಿ, ಬಿಸಿಲೆ ಕಾಡು. ಆನೆ ಇರುವ ಘಾಟಿಯಲ್ಲಿ ಥರ್ಮಕೋಲ್ ಪೆಟ್ಟಿಗೆ ಹುಡುಕಿಕೊಂಡು ಹೋಗುವವ ಯಾರು? ಅರಣ್ಯ ಇಲಾಖೆಯ ಒಪ್ಪಿಗೆ ಬೇರೆ. ಸಿಗದಿದ್ದರೆ ರಬ್ಬರು, ಬ್ಯಾಟರಿ ಎಲ್ಲ ಕಾಡಿನಲ್ಲೇ ಕಸ. ಅದೃಷ್ಟ ಚೆನ್ನಾಗಿದ್ದು ತೋಟಕ್ಕೇ ಬಿತ್ತು ಅಂತಿಟ್ಟುಕೊಳ್ಳಿ. "ಅಡಿಕೆ ಕೊನೆ ತೆಗೀಲಿಕ್ಕೇ ಜನ ಸಿಗುದಿಲ್ಲ ಮಾರಾಯ, ಇದಕ್ಕೆ ಮರ ಹತ್ತುವವ ಯಾರು?" ಅಂದರು ಭಾವ. ಕಾರ್ಬನ್ ಫೈಬರ್ ದೋಟಿ ಉಂಟಲ್ಲ ಅಂದ ಹುಡುಗ. ಅದಕ್ಕೆ ಭಾವನೂ ನಕ್ಕರು.

ಆಕಾಶದಲ್ಲೂ ನಾವು ಒಬ್ಬರೇ ಅಲ್ಲ. ವಿಮಾನಗಳು ಹಾರುವ 10-12 ಕಿ.ಮೀ. ಎತ್ತರವನ್ನು ಬಲೂನು ದಾಟಲೇಬೇಕು. ಬಜ್ಪೆ ನಿಲ್ದಾಣ ಬೇರೆ ಹತ್ತಿರ. ಡಿಜಿಸಿಎ ಮತ್ತು ವಾಯು ಸಂಚಾರ ನಿಯಂತ್ರಣದವರ ಅನುಮತಿ ಇಲ್ಲದೆ ಬಿಡುವ ಮಾತೇ ಇಲ್ಲ. ಪೆಟ್ಟಿಗೆ ಹಗುರ ಅಂತ ಸಮಾಧಾನ ಹೇಳಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಬಿದ್ದ ಜಾಗದವರ ಗಾಬರಿಯನ್ನೂ ಯೋಚಿಸಬೇಕು. 2025ರ ಜನವರಿಯಲ್ಲಿ ಹೈದರಾಬಾದಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನೊಂದು ಬೀದರ್ ಜಿಲ್ಲೆ ಹುಮನಾಬಾದ್ ತಾಲೂಕಿನ ಜಲಸಂಗಿಯಲ್ಲಿ ಇಳಿದು ಊರೆಲ್ಲ ಸುದ್ದಿಯಾಗಿತ್ತು. ಬಲೂನು ಬಿಡುವ ಮೊದಲು ಆ ಸಂಸ್ಥೆ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡುತ್ತದೆ: ಉಪಕರಣ ಮುಟ್ಟಬೇಡಿ, ಪೊಲೀಸ್ ಠಾಣೆಗೋ ಅಂಚೆ ಕಚೇರಿಗೋ ತಿಳಿಸಿ ಅಂತ. ಕಲಿಯಬೇಕಾದ ಪದ್ಧತಿ ಅದು.

ಕಡೆಗೆ ಹುಡುಗನೇ ಸೋಂಡ್‌ಹಬ್ ಜಾಲತಾಣದಲ್ಲಿ ಗಾಳಿಯ ಮುನ್ಸೂಚನೆ ಹಾಕಿ ಒಂದು ವಾರ ನೋಡಿದ. ದಿನಕ್ಕೊಂದು ಗೆರೆ. ಕೋಡಿಂಬಾಳದಿಂದ ಎಳೆದ ಏಳರಲ್ಲಿ ಒಂದೂ ರಸ್ತೆಯ ಹತ್ತಿರ ಮುಗಿಯಲಿಲ್ಲ. ಚಿತ್ರದುರ್ಗದ ಬಯಲಿಂದ ಎಳೆದವು ಹೊಲಗಳಲ್ಲಿ ಮುಗಿದವು. "ಹಾಗಾದ್ರೆ ಅಲ್ಲಿಂದಲೇ ಮಾವ" ಅಂದ, ಸ್ವಲ್ಪ ಸಪ್ಪೆ ಮುಖದಲ್ಲಿ. ಮೊದಲ ಫ್ರೇಮಿನಲ್ಲಿ ಅಜ್ಜಿ ಕೈ ಬೀಸಬೇಕು ಅಂತ ಅವನಿಗಿತ್ತು. ಅಜ್ಜಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗುವ ಅಂತ ಈಗ ತೀರ್ಮಾನ.

ಅನುಮತಿಯ ಅರ್ಜಿ ಕಾಲೇಜಿನ ಮೂಲಕ ಹೋಗಿದೆ, ಉತ್ತರ ಬಂದಿಲ್ಲ. ಅಷ್ಟರಲ್ಲಿ ಕ್ಯಾಮೆರಾವನ್ನು ಪೆಟ್ಟಿಗೆ ಸಮೇತ ಅಕ್ಕನ ಫ್ರೀಜರಿನಲ್ಲಿಟ್ಟು ಓಡಿಸಿದ್ದಾನೆ. ಮೈನಸ್ 18ರಲ್ಲಿ ಒಂದು ಗಂಟೆ ನಲವತ್ತು ನಿಮಿಷ ಬಂತು. ಇಳಿಯುವ ಹೊತ್ತಿಗೂ ಸೇರಿ ಎರಡೂವರೆ ಗಂಟೆ ಬೇಕು. ಹೊರಗಿನಿಂದ ಪವರ್ ಬ್ಯಾಂಕ್ ಕೊಟ್ಟು ಮುಂದಿನ ಭಾನುವಾರ ಮತ್ತೆ ಇಡ್ತಾನಂತೆ. ಅಕ್ಕ ಬಂಗುಡೆಯನ್ನು ಪಕ್ಕದ ಮನೆಯ ಫ್ರಿಜ್ಜಿಗೆ ಸಾಗಿಸಿಯಾಗಿದೆ.