ಕೊಡವ ಕೌಟುಂಬಿಕ ಹಾಕಿ ಉತ್ಸವ

ಕೊಡವ ಕೌಟುಂಬಿಕ ಹಾಕಿ ಉತ್ಸವವು ಕರ್ನಾಟಕದ ಕೊಡಗು ಜಿಲ್ಲೆಯಲ್ಲಿ ಕೊಡವ ಕುಟುಂಬಗಳ ನಡುವೆ ನಡೆಯುವ ವಾರ್ಷಿಕ ಹಾಕಿ ಪಂದ್ಯಾವಳಿಯಾಗಿದೆ. ಕೊಡವ ಭಾಷೆಯಲ್ಲಿ ಇದನ್ನು 'ಹಾಕಿ ನಮ್ಮೆ' ಎಂದು ಕರೆಯುತ್ತಾರೆ. ನಮ್ಮೆ ಎಂದರೆ ಹಬ್ಬ. 1997ರಲ್ಲಿ 60 ಕುಟುಂಬಗಳೊಂದಿಗೆ ಆರಂಭವಾದ ಈ ಪಂದ್ಯಾವಳಿಯಲ್ಲಿ 2024ರಲ್ಲಿ 360 ತಂಡಗಳು ನೋಂದಾಯಿಸಿಕೊಂಡವು. ಆ ವರ್ಷ ಇದು ವಿಶ್ವದ ಅತಿದೊಡ್ಡ ಹಾಕಿ ಪಂದ್ಯಾವಳಿಯೆಂದು ಗಿನ್ನೆಸ್ ದಾಖಲೆಗೆ ಸೇರಿತು. ಇಲ್ಲಿ ತಂಡವನ್ನು ಪ್ರತಿನಿಧಿಸುವ ಅರ್ಹತೆ ಪ್ರತಿಭೆಯಿಂದಲೋ ಸಂಭಾವನೆಯಿಂದಲೋ ಬರುವುದಿಲ್ಲ, ಕುಟುಂಬದ ಸದಸ್ಯತ್ವದಿಂದ ಬರುತ್ತದೆ. ಪಂದ್ಯಾವಳಿಯ ನಿಯಮಗಳು, ಅಲ್ಲಿನ ಪೈಪೋಟಿ ಮತ್ತು ಅದರ ಸಾಮಾಜಿಕ ಮಹತ್ವ ಈ ಒಂದು ಅಂಶವನ್ನೇ ಆಧರಿಸಿವೆ.

ಒಕ್ಕ: ತಂಡದ ಮೂಲ

ಕೊಡವ ಸಮಾಜದ ಮೂಲ ಘಟಕವನ್ನು 'ಒಕ್ಕ' ಎನ್ನುತ್ತಾರೆ. ಒಬ್ಬ ಮೂಲಪುರುಷನಿಂದ ತಂದೆಯ ಕಡೆಯಿಂದ ಇಳಿದು ಬಂದವರೆಲ್ಲರೂ ಒಂದು ಒಕ್ಕಕ್ಕೆ ಸೇರುತ್ತಾರೆ. ಒಂದೇ ಒಕ್ಕದವರ ನಡುವೆ ವಿವಾಹ ಸಂಬಂಧ ನಿಷಿದ್ಧ. ಪ್ರತಿ ಒಕ್ಕಕ್ಕೂ 'ಐನ್‌ಮನೆ' ಎಂಬ ಮೂಲಮನೆಯೂ, ಅದರ ಸಮೀಪದಲ್ಲಿ ಹಿರಿಯರನ್ನು ಸ್ಮರಿಸುವ 'ಕೈಮಡ' ಎಂಬ ಗುಡಿಯೂ ಇರುವುದು ವಾಡಿಕೆ. ಕೈಲ್ ಪೊಳ್ದ್, ಪುತ್ತರಿ ಮೊದಲಾದ ಹಬ್ಬಗಳಲ್ಲಿ ಒಕ್ಕದವರು ಐನ್‌ಮನೆಯಲ್ಲಿ ಸೇರಿ ದೀಪದ ಮುಂದೆ ಹಿರಿಯರಿಗೆ ನಮಿಸುತ್ತಾರೆ.

ಒಕ್ಕದ ಹೆಸರು ವ್ಯಕ್ತಿಯ ಹೆಸರಿನ ಮೊದಲ ಭಾಗವಾಗಿ ಬರುತ್ತದೆ. ಅದರ ನಂತರ ತಂದೆಯ ಹೆಸರು, ಕೊನೆಗೆ ಸ್ವಂತ ಹೆಸರು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಭಾರತ ಹಾಕಿ ತಂಡದ ನಾಯಕರಾಗಿದ್ದ ಎಂ.ಎಂ. ಸೋಮಯ್ಯ ಅವರ ಪೂರ್ಣ ಹೆಸರು ಮನೆಯಪಂಡ ಮುತ್ತಣ್ಣ ಸೋಮಯ್ಯ. ಭಾರತೀಯ ಸೇನೆಯ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಮತ್ತು ಜನರಲ್ ಕೆ.ಎಸ್. ತಿಮ್ಮಯ್ಯ ಇಬ್ಬರ ಹೆಸರಿನ ಮೊದಲಕ್ಷರವೂ ಕೊಡಂದೇರ ಎಂಬ ಒಕ್ಕದ ಹೆಸರನ್ನೇ ಸೂಚಿಸುತ್ತದೆ. ಹೀಗೆ ಸಾರ್ವಜನಿಕ ಜೀವನದಲ್ಲಿ ಕೇವಲ ಒಂದು ಅಕ್ಷರವಾಗಿ ಉಳಿಯುವ ಹೆಸರು ಹಾಕಿ ಉತ್ಸವದಲ್ಲಿ ಪೂರ್ಣವಾಗಿ ಕೇಳಿಬರುತ್ತದೆ. ಅದೇ ತಂಡದ ಹೆಸರು.

ಕೊಡಗಿನಲ್ಲಿ ಹಾಕಿ

1834ರಲ್ಲಿ ಕೊಡಗು ಬ್ರಿಟಿಷರ ಆಡಳಿತಕ್ಕೆ ಒಳಪಟ್ಟಿತು. ಆ ಬಳಿಕದ ದಶಕಗಳಲ್ಲಿ ಶಾಲೆಗಳು ಮತ್ತು ಸೇನೆಯ ಮೂಲಕ ಹಾಕಿ ಆಟ ಇಲ್ಲಿ ಬೇರೂರಿತು. ಸೇನೆಯಲ್ಲಿ ಸೇವೆ ಸಲ್ಲಿಸುವ ಪರಂಪರೆ ಕೊಡವರಲ್ಲಿ ಬಲವಾಗಿದ್ದುದರಿಂದ, ರಜೆಯಲ್ಲಿ ಊರಿಗೆ ಬಂದವರು ಆಟವನ್ನೂ ಜೊತೆಗೆ ತಂದರು. ಕಾಲಕ್ರಮದಲ್ಲಿ ಈ ಚಿಕ್ಕ ಜಿಲ್ಲೆಯಿಂದ ಹಲವು ರಾಷ್ಟ್ರೀಯ ಆಟಗಾರರು ರೂಪುಗೊಂಡರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದ ಎಂ.ಪಿ. ಗಣೇಶ್, 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಸೋಮಯ್ಯ, 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದ ಎಸ್.ಕೆ. ಉತ್ತಪ್ಪ ಇವರಲ್ಲಿ ಕೆಲವರು. ಉತ್ಸವ ಆರಂಭವಾಗುವ ವೇಳೆಗೆ ಹಾಕಿಯು ಕೊಡಗಿನ ಬಹುತೇಕ ಮನೆಗಳಿಗೆ ಪರಿಚಿತವಾದ ಆಟವಾಗಿತ್ತು.

ಆರಂಭ

ಉತ್ಸವದ ಕಲ್ಪನೆ ಪಾಂಡಂಡ ಕುಟ್ಟಪ್ಪ ಅವರದು. ಬ್ಯಾಂಕ್ ಉದ್ಯೋಗಿಯಾಗಿದ್ದ ಅವರು ಹಾಕಿ ತೀರ್ಪುಗಾರರೂ ಆಗಿದ್ದರು. ಉದ್ಯೋಗ ಮತ್ತು ವಿದ್ಯಾಭ್ಯಾಸಕ್ಕಾಗಿ ಊರು ಬಿಟ್ಟು ಚದುರಿಹೋದ ಕುಟುಂಬಗಳನ್ನು ಒಂದೆಡೆ ಸೇರಿಸಲು ಎಲ್ಲರಿಗೂ ಪ್ರಿಯವಾದ ಆಟವೇ ತಕ್ಕ ದಾರಿಯೆಂದು ಅವರು ಭಾವಿಸಿದರು. 1997ರಲ್ಲಿ ಕರಡ ಗ್ರಾಮದಲ್ಲಿ ಮೊದಲ ಪಂದ್ಯಾವಳಿ ನಡೆಯಿತು. ಪಾಂಡಂಡ ಕುಟುಂಬವೇ ಅದರ ಆತಿಥ್ಯ ವಹಿಸಿತು. ಮುಂದೆ ಉತ್ಸವದ ಮೇಲ್ವಿಚಾರಣೆಗಾಗಿ ಕೊಡವ ಹಾಕಿ ಅಕಾಡೆಮಿ ರೂಪುಗೊಂಡಿತು. ಕುಟ್ಟಪ್ಪ ಅವರು 2020ರಲ್ಲಿ ನಿಧನರಾದರು.

ಆತಿಥ್ಯ

ಪ್ರತಿ ವರ್ಷ ಒಂದು ಕುಟುಂಬ ಉತ್ಸವದ ಆತಿಥ್ಯ ವಹಿಸುತ್ತದೆ. ಆ ವರ್ಷದ ಕಪ್‌ಗೆ ಆ ಕುಟುಂಬದ ಹೆಸರೇ ಇರುತ್ತದೆ. 2018ರಲ್ಲಿ ಕುಲ್ಲೇಟಿರ, 2023ರಲ್ಲಿ ಅಪ್ಪಚೆಟ್ಟೋಳಂಡ, 2024ರಲ್ಲಿ ಕುಂಡ್ಯೋಳಂಡ ಕುಟುಂಬಗಳು ನಾಪೋಕ್ಲುವಿನಲ್ಲಿ ಉತ್ಸವ ನಡೆಸಿದವು. 25ನೆಯ ವರ್ಷದ ಉತ್ಸವವನ್ನು 2025ರಲ್ಲಿ ಮುದ್ದಂಡ ಕುಟುಂಬ ಮಡಿಕೇರಿಯಲ್ಲಿ ಏರ್ಪಡಿಸಿತು. ಮೈದಾನ ಸಿದ್ಧಪಡಿಸುವುದು, ತಾತ್ಕಾಲಿಕ ಗ್ಯಾಲರಿ ಕಟ್ಟಿಸುವುದು, ಊಟೋಪಚಾರ, ಹಣ ಸಂಗ್ರಹ ಎಲ್ಲವೂ ಆತಿಥೇಯ ಕುಟುಂಬದ ಹೊಣೆ. ಸರ್ಕಾರದ ಅನುದಾನ ಮತ್ತು ದಾನಿಗಳ ನೆರವು ದೊರೆಯುತ್ತದೆಯಾದರೂ ತಿಂಗಳುಗಟ್ಟಲೆ ದುಡಿಯುವವರು ಕುಟುಂಬದ ಸದಸ್ಯರೇ. ಆದ್ದರಿಂದ ಕಪ್ ಗೆಲ್ಲುವುದರಷ್ಟೇ ಕಪ್ ನಡೆಸಿಕೊಡುವುದೂ ಗೌರವದ ಸಂಗತಿಯೆನಿಸಿದೆ.

ನಿಯಮಗಳು ಮತ್ತು ಆಟದ ಸ್ವರೂಪ

ಪಂದ್ಯಗಳು ನಾಕೌಟ್ ಮಾದರಿಯಲ್ಲಿ ನಡೆಯುತ್ತವೆ. ಸೋತ ತಂಡ ಹೊರಬೀಳುವುದರಿಂದ, ವಿಜೇತರನ್ನು ನಿರ್ಣಯಿಸಲು ಬೇಕಾಗುವ ಪಂದ್ಯಗಳ ಸಂಖ್ಯೆ ತಂಡಗಳ ಸಂಖ್ಯೆಗಿಂತ ಒಂದು ಮಾತ್ರ ಕಡಿಮೆ. 360 ತಂಡಗಳಿದ್ದರೆ 359 ಫಲಿತಾಂಶಗಳು ಬೇಕು. ಆದಕಾರಣ ಮಾರ್ಚ್ ಕೊನೆ ಅಥವಾ ಏಪ್ರಿಲ್‌ನಲ್ಲಿ ಮೊದಲಾಗುವ ಉತ್ಸವ ಸುಮಾರು ಒಂದು ತಿಂಗಳು ನಡೆಯುತ್ತದೆ. ಇದು ಶಾಲಾ ಕಾಲೇಜುಗಳ ಬೇಸಿಗೆ ರಜೆಯ ಕಾಲವೂ ಹೌದು, ಮುಂಗಾರಿಗೆ ಮುಂಚಿನ ಬಿಡುವಿನ ಕಾಲವೂ ಹೌದು.

ಉದ್ಘಾಟನೆಯಲ್ಲಿ ಕೊಡವರ ಸಾಂಪ್ರದಾಯಿಕ ವಾಲಗವಿರುತ್ತದೆ. ಗಾಳಿಯಲ್ಲಿ ಗುಂಡು ಹಾರಿಸಲಾಗುತ್ತದೆ. ತಂಡದಲ್ಲಿ ಪುರುಷರೂ ಮಹಿಳೆಯರೂ ಒಟ್ಟಿಗೆ ಆಡಬಹುದು. ವಯಸ್ಸಿನ ಮಿತಿಯಿಲ್ಲ. ಶಾಲೆಗೆ ಹೋಗುವ ಬಾಲಕನೂ ಅರವತ್ತು ದಾಟಿದ ಅಜ್ಜನೂ ಒಂದೇ ತಂಡದಲ್ಲಿ ಕಾಣಿಸಿಕೊಳ್ಳುವುದು ಅಪರೂಪವಲ್ಲ. ಸದಸ್ಯರ ಸಂಖ್ಯೆ ಕಡಿಮೆಯಿರುವ ಒಕ್ಕಗಳಿಗೆ ಈ ಸಡಿಲಿಕೆ ಅನಿವಾರ್ಯವೂ ಹೌದು. ಹನ್ನೊಂದು ಮಂದಿಯನ್ನು ಒಟ್ಟುಗೂಡಿಸಬೇಕಾದರೆ ಅಣ್ಣ, ತಂಗಿ, ಚಿಕ್ಕಪ್ಪ, ದೊಡ್ಡಪ್ಪ, ಮೊಮ್ಮಗ ಎಲ್ಲರೂ ಕೈಗೆ ಹಾಕಿ ಕೋಲು ಹಿಡಿಯಬೇಕಾಗುತ್ತದೆ.

ವಿವಾಹಿತ ಮಹಿಳೆ ತವರಿನ ಒಕ್ಕದ ಪರವಾಗಿ ಅಥವಾ ಗಂಡನ ಒಕ್ಕದ ಪರವಾಗಿ ಆಡಲು ಅವಕಾಶವಿದೆ. ಸಂಪ್ರದಾಯದಂತೆ ಮದುವೆಯ ನಂತರ ಹೆಣ್ಣು ಗಂಡನ ಒಕ್ಕಕ್ಕೆ ಸೇರುತ್ತಾಳೆ. ಮೈದಾನದಲ್ಲಿ ಮಾತ್ರ ಆಯ್ಕೆ ಅವಳಿಗೇ ಬಿಟ್ಟದ್ದು. ಇಡೀ ಉತ್ಸವದಲ್ಲಿ ನಿಷ್ಠೆಯನ್ನು ಆಯ್ದುಕೊಳ್ಳುವ ಅವಕಾಶ ಇರುವುದು ಇವಳೊಬ್ಬಳಿಗೇ. ಉಳಿದವರಿಗೆ ತಂಡ ಹುಟ್ಟಿನಿಂದಲೇ ಗೊತ್ತಾಗಿರುತ್ತದೆ.

ನಿಷ್ಠೆ ಮತ್ತು ಪೈಪೋಟಿ

ವೃತ್ತಿಪರ ಕ್ರೀಡೆಯಲ್ಲಿ ಆಟಗಾರನು ಒಂದು ಕ್ಲಬ್ಬಿನಿಂದ ಇನ್ನೊಂದಕ್ಕೆ ಹೋಗಬಹುದು; ಹಣವುಳ್ಳ ತಂಡ ಉತ್ತಮ ಆಟಗಾರರನ್ನು ಕೊಂಡುಕೊಳ್ಳಬಹುದು. ಒಕ್ಕದ ತಂಡಕ್ಕೆ ಇದು ಸಾಧ್ಯವಿಲ್ಲ. ಭಾರತ ತಂಡದಲ್ಲಿ ಆಡಿದವರೂ ತಮ್ಮ ಒಕ್ಕಕ್ಕೇ ಆಡಬೇಕು. ವರ್ಷವಿಡೀ ಸೇನೆ, ರೈಲ್ವೆ, ಬ್ಯಾಂಕ್ ಮೊದಲಾದ ಸಂಸ್ಥೆಗಳ ತಂಡಗಳಲ್ಲಿ ಜೊತೆಗಾರರಾಗಿ ಆಡಿದ ಇಬ್ಬರು ಇಲ್ಲಿ ಎದುರಾಳಿಗಳಾಗಬಹುದು. ಅಂತೆಯೇ ಅಂತರರಾಷ್ಟ್ರೀಯ ಆಟಗಾರನೊಬ್ಬ ಎಂದೂ ಪಂದ್ಯವಾಡದ ತನ್ನ ದಾಯಾದಿಗೆ ಚೆಂಡು ಕೊಡಬೇಕಾಗಬಹುದು.

ಒಕ್ಕದೊಳಗೆ ವಿವಾಹ ನಿಷಿದ್ಧವಾದುದರಿಂದ ಪ್ರತಿ ಕೊಡವ ಕುಟುಂಬಕ್ಕೂ ಬೇರೆ ಒಕ್ಕಗಳೊಂದಿಗೆ ನಂಟಿರುತ್ತದೆ. ಎದುರಾಳಿ ತಂಡದಲ್ಲಿ ಸೋದರಮಾವ, ಭಾವ ಅಥವಾ ಅಕ್ಕನ ಮಗ ಇರುವುದು ಸಾಮಾನ್ಯ. ಹೀಗಾಗಿ ಪೈಪೋಟಿ ಎಷ್ಟೇ ತೀವ್ರವಾದರೂ ಅದು ನೆಂಟರ ನಡುವಿನ ಪೈಪೋಟಿಯಾಗಿಯೇ ಉಳಿಯುತ್ತದೆ. ತಾಯಿಯ ತವರು ಮತ್ತು ತಂದೆಯ ಒಕ್ಕ ಎದುರುಬದುರಾದಾಗ ಗ್ಯಾಲರಿಯಲ್ಲಿ ಕುಳಿತ ಮನೆಮಂದಿಯೇ ಎರಡು ಪಕ್ಷವಾಗುವುದುಂಟು. ಚೇಂದಂಡ, ಕುಲ್ಲೇಟಿರ, ಪಳಂಗಂಡ, ನೆಲ್ಲಮಕ್ಕಡ, ಅಂಜಪರವಂಡ ಮೊದಲಾದವು ಕೊನೆಯ ಸುತ್ತುಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಹೆಸರುಗಳು. ಇಂಥ ಬಲಿಷ್ಠ ತಂಡವನ್ನು ಚಿಕ್ಕ ಒಕ್ಕವೊಂದು ಆರಂಭದ ಸುತ್ತಿನಲ್ಲೇ ಮಣಿಸಿದರೆ ಅದು ವರ್ಷಗಟ್ಟಲೆ ಮಾತಿಗೆ ವಸ್ತುವಾಗುತ್ತದೆ.

ಐರ್ಲೆಂಡಿನ ಕ್ಲಬ್‌ಗಳೊಂದಿಗೆ ಹೋಲಿಕೆ

ಹವ್ಯಾಸಿ ಕ್ರೀಡೆಯಲ್ಲಿ ಸ್ಥಳೀಯ ನಿಷ್ಠೆಗೆ ಹೆಸರಾದ ಇನ್ನೊಂದು ಉದಾಹರಣೆ ಐರ್ಲೆಂಡಿನದು. ಅಲ್ಲಿ ಹರ್ಲಿಂಗ್ ಮತ್ತು ಗೇಲಿಕ್ ಫುಟ್‌ಬಾಲ್ ಆಟಗಳನ್ನು ನಿರ್ವಹಿಸುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಶನ್ 1884ರ ನವೆಂಬರ್ 1ರಂದು ಥರ್ಲ್ಸ್ ಪಟ್ಟಣದಲ್ಲಿ ಸ್ಥಾಪನೆಯಾಯಿತು. ಹರ್ಲಿಂಗ್ ಸಹ ಹಾಕಿಯಂತೆ ಕೋಲು ಮತ್ತು ಚೆಂಡಿನ ಆಟ. ಅಲ್ಲಿನ ಕ್ಲಬ್‌ಗಳು ಸಾಮಾನ್ಯವಾಗಿ ಒಂದು ಚರ್ಚ್ ವ್ಯಾಪ್ತಿಯ ಊರುಗಳನ್ನು ಪ್ರತಿನಿಧಿಸುತ್ತವೆ. ಡಬ್ಲಿನ್‌ನ ಕ್ರೋಕ್ ಪಾರ್ಕ್ ಕ್ರೀಡಾಂಗಣದಲ್ಲಿ 80,000ಕ್ಕೂ ಹೆಚ್ಚು ಪ್ರೇಕ್ಷಕರ ಮುಂದೆ ಅಂತಿಮ ಪಂದ್ಯ ಆಡಿದವರಿಗೂ ಆಟಕ್ಕಾಗಿ ಸಂಬಳವಿಲ್ಲ. ಅವರು ಮರಳಿ ತಮ್ಮೂರಿನ ಕ್ಲಬ್‌ಗೇ ಆಡುತ್ತಾರೆ.

ಎರಡರ ನಡುವಿನ ವ್ಯತ್ಯಾಸವೂ ಗಮನಾರ್ಹ. ಐರ್ಲೆಂಡಿನ ಕ್ಲಬ್ಬಿಗೆ ಆಧಾರ ನೆಲ. ಊರಿಗೆ ಹೊಸದಾಗಿ ಬಂದು ನೆಲೆಸಿದವನ ಮಗನೂ ಆ ಊರಿನ ತಂಡಕ್ಕೆ ಸೇರಬಹುದು. ಕೊಡವ ತಂಡಕ್ಕೆ ಆಧಾರ ವಂಶ. ನೆಲ ಬಿಟ್ಟು ಎಷ್ಟು ದೂರ ಹೋದರೂ ತಂಡದ ಹಕ್ಕು ತಪ್ಪುವುದಿಲ್ಲ, ಆದರೆ ಹೊರಗಿನವರು ಎಷ್ಟು ವರ್ಷ ಅಲ್ಲೇ ಬಾಳಿದರೂ ಆ ಹಕ್ಕು ಬರುವುದಿಲ್ಲ.

ವಲಸೆ ಮತ್ತು ಉತ್ಸವ

ಕಾಫಿ ತೋಟ ಮತ್ತು ಗದ್ದೆಗಳ ಆದಾಯವನ್ನಷ್ಟೇ ನಂಬಿ ಬದುಕುವುದು ಕಷ್ಟವಾದಂತೆ ಕೊಡಗಿನ ಯುವಜನರು ಮೈಸೂರು, ಬೆಂಗಳೂರು ಮತ್ತು ವಿದೇಶಗಳಿಗೆ ಹೋಗಿ ನೆಲೆಸಿದ್ದಾರೆ. ಬೆಂಗಳೂರಿನ ವಸಂತನಗರದಲ್ಲಿರುವ ಕೊಡವ ಸಮಾಜವು ಇಂತಹವರ ಪ್ರಮುಖ ಸಂಘಟನೆ. ನಗರದ ಬಡಾವಣೆಗಳಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಐನ್‌ಮನೆ ಎಂಬುದು ವರ್ಷಕ್ಕೊಮ್ಮೆ ನೋಡುವ ಜಾಗ. ದಾಯಾದಿಗಳ ಹೆಸರು ಸಹ ಗೊತ್ತಿರುವುದಿಲ್ಲ. ತಂಡ ಕಟ್ಟಬೇಕಾದಾಗ ಆ ಹೆಸರುಗಳ ಪಟ್ಟಿ ಬೇಕಾಗುತ್ತದೆ. ಯಾರು ಎಲ್ಲಿದ್ದಾರೆ, ಯಾರ ಮಕ್ಕಳು ಆಡಬಲ್ಲರು ಎಂದು ವಿಚಾರಿಸಬೇಕಾಗುತ್ತದೆ. ಉತ್ಸವದ ದಿನಗಳಲ್ಲಿ ಮೈಸೂರು ರಸ್ತೆಯಲ್ಲಿ ಕೆಂಗೇರಿಯನ್ನು ದಾಟಿ ಕೊಡಗಿನತ್ತ ಸಾಗುವ ಬಸ್ಸು ಕಾರುಗಳಲ್ಲಿ ಹಾಕಿ ಕೋಲು ಹಿಡಿದ ಇಂಥ ಪ್ರಯಾಣಿಕರೂ ಇರುತ್ತಾರೆ. ಆಡದವರೂ ನೋಡಲೆಂದು ಬರುತ್ತಾರೆ. ಮದುವೆಯ ಮಾತುಕತೆ, ಹಳೆಯ ಸ್ನೇಹಗಳ ನವೀಕರಣ, ಮುನಿಸಿನ ಶಮನ ಇವೆಲ್ಲ ಮೈದಾನದ ಅಂಚಿನಲ್ಲಿ ನಡೆಯುತ್ತವೆ.

ವಿರಾಮ ಮತ್ತು ಪುನರಾರಂಭ

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಭಾರಿ ಮಳೆಯಿಂದ ಭೂಕುಸಿತ ಮತ್ತು ಪ್ರವಾಹ ಉಂಟಾಗಿ ಜೀವಹಾನಿ ಸಂಭವಿಸಿತು. ಅನೇಕರು ಮನೆ, ತೋಟಗಳನ್ನು ಕಳೆದುಕೊಂಡರು. ಇದರಿಂದ 2019ರ ಉತ್ಸವ ನಡೆಯಲಿಲ್ಲ. ಅನಂತರ ಕೋವಿಡ್ ಸಾಂಕ್ರಾಮಿಕದ ಕಾರಣ 2022ರವರೆಗೂ ವಿರಾಮ ಮುಂದುವರಿಯಿತು. 2023ರಲ್ಲಿ ಉತ್ಸವ ಪುನಃ ಆರಂಭವಾದಾಗ 336 ತಂಡಗಳು ಪಾಲ್ಗೊಂಡವು. 2025ರಲ್ಲಿ ಈ ಸಂಖ್ಯೆ 396ಕ್ಕೆ ಏರಿತು. ನಾಲ್ಕು ವರ್ಷಗಳ ಅಂತರ ಆಸಕ್ತಿಯನ್ನು ಕುಗ್ಗಿಸಲಿಲ್ಲವೆಂಬುದನ್ನು ಈ ಏರಿಕೆ ತೋರಿಸುತ್ತದೆ.

ಮಿತಿಗಳು ಮತ್ತು ಪ್ರಭಾವ

ಉತ್ಸವ ಬೆಳೆದಂತೆ ಅದರ ಭಾರವೂ ಬೆಳೆದಿದೆ. 60 ತಂಡಗಳ ಪಂದ್ಯಾವಳಿಯನ್ನು ಒಂದು ಕುಟುಂಬ ನಿಭಾಯಿಸುವುದಕ್ಕೂ 400ರ ಸಮೀಪದ ತಂಡಗಳ ಪಂದ್ಯಾವಳಿಯನ್ನು ನಿಭಾಯಿಸುವುದಕ್ಕೂ ಬಹಳ ಅಂತರವಿದೆ. ಹಣಬಲವಾಗಲಿ ಜನಬಲವಾಗಲಿ ಇಲ್ಲದ ಚಿಕ್ಕ ಒಕ್ಕಗಳಿಗೆ ಆತಿಥ್ಯ ಸುಲಭವಲ್ಲ. ಆಟದ ಗುಣಮಟ್ಟದಲ್ಲೂ ವಿಪರೀತ ವ್ಯತ್ಯಾಸವಿರುವುದರಿಂದ ಆರಂಭದ ಸುತ್ತುಗಳಲ್ಲಿ ಏಕಪಕ್ಷೀಯ ಪಂದ್ಯಗಳು ಸಹಜ. ಇಂದಿನ ಅಂತರರಾಷ್ಟ್ರೀಯ ಹಾಕಿ ಕೃತಕ ಹಾಸಿನ ಮೇಲೆ ನಡೆಯುವ ಆಟ. ಊರಿನ ಮೈದಾನದಲ್ಲಿ ಪಡೆದ ಅನುಭವವೊಂದೇ ರಾಷ್ಟ್ರೀಯ ಆಟಗಾರನನ್ನು ರೂಪಿಸಲಾರದು. ಆದರೂ ಮುಂದೆ ತರಬೇತಿಗೆ ಹೋಗುವ ಅನೇಕ ಮಕ್ಕಳಿಗೆ ತುಂಬಿದ ಪ್ರೇಕ್ಷಕರ ಮುಂದೆ ಮೊದಲ ಬಾರಿ ಆಡುವ ಅವಕಾಶ ಇಲ್ಲಿಯೇ ದೊರೆಯುತ್ತದೆ.

ಈ ಮಾದರಿ ಕೊಡಗಿನ ಇತರ ಸಮುದಾಯಗಳಿಗೂ ಹಬ್ಬಿದೆ. ಅರೆಭಾಷೆ ಗೌಡ ಕುಟುಂಬಗಳ ನಡುವೆಯೂ, ಮುಸ್ಲಿಂ ಕುಟುಂಬಗಳ ನಡುವೆಯೂ ಕ್ರಿಕೆಟ್ ಪಂದ್ಯಾವಳಿಗಳು ನಡೆಯುತ್ತವೆ. ವಂಶವನ್ನು ಆಧರಿಸಿದ ಪಂದ್ಯಾವಳಿಯಲ್ಲಿ ಬೇರೆಯವರಿಗೆ ಪಾಲಿಲ್ಲ ಎಂಬ ಕೊರತೆಗೆ ಉಳಿದ ಸಮುದಾಯಗಳು ಕಂಡುಕೊಂಡ ಉತ್ತರ ಹೀಗೆ ತಮ್ಮದೇ ಕೌಟುಂಬಿಕ ಪಂದ್ಯಾವಳಿಗಳನ್ನು ಕಟ್ಟಿಕೊಳ್ಳುವುದಾಗಿದೆ. ಇದರಿಂದ ಬೇಸಿಗೆಯ ತಿಂಗಳುಗಳಲ್ಲಿ ಕೊಡಗಿನ ಹಲವು ಮೈದಾನಗಳಲ್ಲಿ ಮನೆತನದ ಹೆಸರುಗಳೇ ತಂಡದ ಹೆಸರುಗಳಾಗಿ ಕೇಳಿಬರುತ್ತವೆ.