ಇಡೀ ಮನೆಯ ಮೊದಲ ಬೈಕು

ಕಾಪುವಿನ ಕಡಲಗಾಳಿಗೂ ಬೈಕಿನ ಕ್ರೋಮಿಗೂ ಹಳೇ ಹಗೆ. ಬೆಳಿಗ್ಗೆ ಒರೆಸಿ ನಿಲ್ಲಿಸಿದ ಹ್ಯಾಂಡಲಿನ ಮೇಲೆ ಸಂಜೆ ಬೆರಳಾಡಿಸಿದರೆ ಅಂಟಂಟು. ಒಂದು ಮಳೆಗಾಲ ಉದಾಸೀನ ಮಾಡಿದರೆ ಚಕ್ರದ ಕಡ್ಡಿಗಳ ಬುಡದಲ್ಲಿ ಕೆಂಪು ಚುಕ್ಕಿ ಏಳುತ್ತದೆ. ಮತ್ತೊಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಚುಕ್ಕಿ ರಿಮ್ಮನ್ನೇ ತಿನ್ನತೊಡಗುತ್ತದೆ. 1901ರ ದೀಪಸ್ತಂಭದ ಆಸುಪಾಸಿನಲ್ಲಿ ಹಳೆಯ ಜಾವಾ, ಯೆಜ್ಡಿ ಉಳಿಸಿಕೊಂಡವರು ಮೇ ಕೊನೆಯ ವಾರ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಹಳೇ ಪಂಚೆಯ ತುಂಡಿಗೆ ಎಂಜಿನ್ ಆಯಿಲ್ ಹಚ್ಚಿ, ಕಡ್ಡಿ ಕಡ್ಡಿಯನ್ನೂ ತೀಡುತ್ತಾರೆ. ಟ್ಯಾಂಕಿನ ಎರಡೂ ಬದಿಯ ಹೊಳಪಿನ ಪಟ್ಟಿಗೆ ಬೇರೆಯೇ ಬಟ್ಟೆ, ಬೇರೆಯೇ ನಾಜೂಕು. ಮಕ್ಕಳು ಕೈಯಿಕ್ಕಲು ಬಂದರೆ ಗದರಿಕೆ. ನಲವತ್ತು ವರ್ಷ ಉಪ್ಪುಗಾಳಿಯಲ್ಲಿ ನಿಂತ ಗಾಡಿ ಇನ್ನೂ ಮುಖ ನೋಡಿಕೊಳ್ಳುವಷ್ಟು ಮಿನುಗುತ್ತಿದ್ದರೆ ಅದು ಈ ಬಟ್ಟೆ ತುಂಡಿನ ಪುಣ್ಯ.

ಜಾವಾ ಮೂಲದಲ್ಲಿ ಚೆಕೊಸ್ಲೊವಾಕಿಯಾದ್ದು. ನಮ್ಮವರಿಗೆ ಮಾತ್ರ ಅದು ಮೈಸೂರಿನ ಗಾಡಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಹೊರಬರತೊಡಗಿದ್ದು 1973ರಲ್ಲಿ ಯೆಜ್ಡಿ ಎಂದು ಹೆಸರು ಬದಲಿಸಿತು. 1996ರಲ್ಲಿ ಕಾರ್ಖಾನೆಯೇ ಬಾಗಿಲು ಹಾಕಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಗದ್ದೆಯಾಚೆಗೂ ಕೇಳುವ ಆ ‘ಡುಗ್ ಡುಗ್’. ಶಬ್ದ ಕೇಳಿಯೇ ಯಾರ ಮನೆಯ ಗಾಡಿ ಬಂತೆಂದು ಶಿರ್ವ, ಬೆಳ್ಮಣ್ ಕಡೆಯ ಹಳಬರು ಈಗಲೂ ಹೇಳಿಯಾರು. ಆಗ ಊರಿಗೆ ಇದ್ದದ್ದೇ ಒಂದೆರಡು ಬೈಕು.

ಈ ಸೀಮೆಯಲ್ಲಿ ಮೊದಲ ಬೈಕಿನ ಸುದ್ದಿ ತೆಗೆದರೆ ಮಾತು ಸಿಸಿ, ಮೈಲೇಜಿನಿಂದ ಶುರುವಾಗುವುದಿಲ್ಲ. ದುಡ್ಡು ಎಲ್ಲಿಂದ ಬಂತು ಎಂಬಲ್ಲಿಂದ ಶುರುವಾಗುತ್ತದೆ. ಬೊಂಬಾಯಿಯ ಹೋಟೆಲಿನಲ್ಲಿದ್ದ ಅಣ್ಣ ಡಿ.ಡಿ. ಕಳಿಸಿದ್ದು, ದುಬಾಯಿಯಿಂದ ರಜೆಗೆ ಬಂದ ಭಾವ ಶೋರೂಮಿಗೆ ಕರೆದುಕೊಂಡು ಹೋದದ್ದು, ಗೇರುಬೀಜ ಮಾರಿದ್ದು, ಕರು ಹಾಕಿದ ಹಸುವನ್ನು ಕೊಟ್ಟದ್ದು. ಸಣ್ಣ ಮನೆಗಳ ಪಾಲಿಗೆ ಎಲ್ಲಕ್ಕಿಂತ ಮೇಲಿನದು ಬೀಡಿಯ ದುಡ್ಡು. ಕಾರ್ಕಳದ ಹಳ್ಳಿಗಳಲ್ಲಿ ಅಮ್ಮಂದಿರು ಮಧ್ಯಾಹ್ನದ ಊಟದ ಪಾತ್ರೆ ತೊಳೆದು ಜಗಲಿಗೆ ಬಂದರೆ ಮಡಿಲಲ್ಲಿ ತಡ್ಪೆ, ಅಂದರೆ ಮೊರ. ಅಳತೆಗೆ ಎಲೆ ಕತ್ತರಿಸಿ, ಚಿಟಿಕೆ ಹೊಗೆಸೊಪ್ಪು ಹರಡಿ, ಸುರುಳಿ ಸುತ್ತಿ, ತುದಿ ಮಡಚಿ ನೂಲು ಬಿಗಿಯುವಷ್ಟರಲ್ಲಿ ಇನ್ನೊಂದು ಎಲೆ ಕೈಯಲ್ಲಿ. ಸಾವಿರದ ಲೆಕ್ಕದಲ್ಲಿ ಕಟ್ಟಿ ಬೀಡಿ ಬ್ರಾಂಚಿಗೆ ಒಪ್ಪಿಸಿದಾಗ ಬಂದ ಹಣದಲ್ಲಿ ಅಕ್ಕಿ, ಮೀನು, ಶಾಲೆಯ ಫೀಸು ಕಳೆದು ಮಿಕ್ಕದ್ದು ಉಳಿತಾಯ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತ್ತು. ದಿನಕ್ಕೆ ಎರಡಾಣೆಯಾದರೂ ಸರಿ, ಏಜೆಂಟರು ಮನೆಬಾಗಿಲಿಗೆ ಬಂದು ಒಯ್ಯುತ್ತಿದ್ದರು. ಆ ಅಭ್ಯಾಸ ಕರಾವಳಿಯ ರಕ್ತದಲ್ಲೇ ಇಳಿದಿದೆ. ಮಗನ ಬೈಕಿನ ಡೌನ್ ಪೇಮೆಂಟ್ ಹೀಗೆ ಜಗಲಿಯ ಮೇಲೆ ಎಲೆ ಎಲೆಯಾಗಿ ಒಟ್ಟಾಗುತ್ತಿತ್ತು. ಆರ್.ಸಿ. ಪುಸ್ತಕದಲ್ಲಿ ಮಗನ ಹೆಸರಿದ್ದರೂ ಗಾಡಿಯ ನಿಜವಾದ ಯಜಮಾನಿ ಆ ಅಮ್ಮ. ಬೈಕಿನ ಚರಿತ್ರೆ ಬರೆದವರು ಈ ಹೆಂಗಸರನ್ನು ಮರೆತದ್ದು ದೊಡ್ಡ ಅನ್ಯಾಯವೆಂದೇ ನನ್ನ ಭಾವನೆ.

ಹೊಸ ಗಾಡಿ ಶೋರೂಮಿನಿಂದ ಇಳಿದ ಮೇಲೆ ಮೊದಲ ಓಟ ಪೂಜೆಗೆ. ಉಡುಪಿಯವರಿಗೆ ರಥಬೀದಿ, ಕುಂಜಾರುಗಿರಿ ಇಲ್ಲವೇ ಆನೆಗುಡ್ಡೆ, ಕಾಪುವಿನವರಿಗೆ ಮಾರಿಯಮ್ಮ, ಕಾರ್ಕಳದವರಿಗೆ ವೆಂಕಟರಮಣ. ಹೆಡ್‌ಲೈಟಿಗೆ ಮಲ್ಲಿಗೆಯ ಅಟ್ಟೆ, ಟ್ಯಾಂಕಿಗೆ ಕುಂಕುಮ, ಚಕ್ರದಡಿಯಲ್ಲಿ ಚಚ್ಚಿಹೋಗುವ ಲಿಂಬೆ. ಆಮೇಲೆ ಹಿಂದಿನ ಸೀಟಿನಲ್ಲಿ ಅಮ್ಮ. ಸೀರೆಯ ನೆರಿಗೆ ಒತ್ತಿ ಹಿಡಿದು, ಒಂದೇ ಬದಿಗೆ ಕಾಲು ಇಳಿಬಿಟ್ಟು, ಒಂದು ಕೈ ಮಗನ ಹೆಗಲ ಮೇಲೆ, ಇನ್ನೊಂದು ಕೈ ಸೀಟಿನ ಹಿಂದಿನ ಕಂಬಿಯ ಮೇಲೆ ಬಿಗಿ. ‘ಮೆಲ್ಲ ಹೋಗು ಮಾರಾಯಾ’ ಎಂಬ ಮಾತು ಅತ್ತೂರು ಜಾತ್ರೆಯ ದಾರಿ ಮುಗಿಯುವ ತನಕ ನಿಲ್ಲದು.

ಲೈಸೆನ್ಸ್ ಇನ್ನೊಂದು ಗಂಡಾಂತರ. ಅಜ್ಜರಕಾಡು ಮೈದಾನದಲ್ಲೋ ಕಾರ್ಕಳದ ಗಾಂಧಿ ಮೈದಾನದಲ್ಲೋ ಸಂಜೆ ಹೊತ್ತು ಮಣ್ಣಿನ ಮೇಲೆ ಕಡ್ಡಿಯಿಂದ ಎಂಟು ಗೀಚಿ, ಕಾಲೂರದೆ ತಿರುಗಿಸುವ ತಾಲೀಮು. ಕಲಿಸುವವನು ಪಕ್ಕದಲ್ಲಿ ಏದುಸಿರು ಬಿಡುತ್ತ ಓಡಬೇಕು.

ಬೈಕು ಬಂದ ಮನೆಗೆ ಬಸ್ಸಿನ ಟೈಮಿಂಗಿನ ಹಂಗು ತಪ್ಪಿತು. ಇದರ ಬೆಲೆ ಅರಿಯಬೇಕಾದರೆ ಕೊನೇ ಬಸ್ಸು ತಪ್ಪಿ ಹಿರಿಯಡ್ಕದ ಪೇಟೆಯಲ್ಲಿ ಅಂಗಡಿ ಜಗಲಿ ಹಿಡಿದವರನ್ನು ಕೇಳಬೇಕು. ಯಕ್ಷಗಾನದ ಆಟಕ್ಕೆ ಹೋದರೆ ಬೆಳಗಿನ ಮೊದಲ ಬಸ್ಸಿನವರೆಗೆ ಕೂತಿರಲೇಬೇಕಿದ್ದ ಕಾಲ ಹೋಯಿತು. ಮೆಚ್ಚಿದ ವೇಷ ನೋಡಿ ನಡುರಾತ್ರಿಯೇ ಮನೆ ಸೇರಬಹುದಾಯಿತು. ನೆರೆಕರೆಯವರಿಗೂ ಆ ಬೈಕೇ ಗತಿ. ಅಪರಾತ್ರಿ ಟಾರ್ಚಿನ ಬೆಳಕು ಅಂಗಳಕ್ಕೆ ಬಿತ್ತೆಂದರೆ ಯಾರಿಗೋ ಹಾವು ಕಚ್ಚಿದೆ, ಯಾರಿಗೋ ಹೆರಿಗೆ ನೋವು ಎಂದೇ ಅರ್ಥ. ಪೇಟೆಗೆ ಹೋಗಿ ಕಾರು ಎಬ್ಬಿಸಿ ತರಬೇಕು, ಇಲ್ಲವೇ ರಕ್ತ ಕೊಡುವವನನ್ನು ಕೂರಿಸಿಕೊಂಡು ಮಣಿಪಾಲಕ್ಕೆ ಹಾರಬೇಕು. ಕೀಲಿ ಮೊಳೆಗೆ ನೇತುಹಾಕಿರುತ್ತಿತ್ತು. ಕೇಳಿದವರಿಗೆ ಇಲ್ಲವೆನ್ನುವ ರೂಢಿ ಇರಲಿಲ್ಲ.

ಮಣಿಪಾಲದ ಕತೆಯೇ ಬೇರೆ. 1953ರಲ್ಲಿ ಮೆಡಿಕಲ್ ಕಾಲೇಜು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂದ ಗುಡ್ಡಕ್ಕೆ ದೇಶದ ಮೂಲೆಮೂಲೆಯಿಂದ ಹುಡುಗರು ಬಂದರು, ಬೈಕುಗಳೂ ಬಂದವು. ಓದು ಮುಗಿಯುವ ಹೊತ್ತಿಗೆ ಟೈಗರ್ ಸರ್ಕಲಿನ ಸುತ್ತ ಮಾರಾಟದ ಮಾತು. ದೆಹಲಿ, ಮಹಾರಾಷ್ಟ್ರದ ನಂಬರ್ ಪ್ಲೇಟಿನ ಗಾಡಿ ಪರ್ಕಳದ, ಆತ್ರಾಡಿಯ ಹುಡುಗನ ಮೊದಲ ಬೈಕಾಗುತ್ತಿತ್ತು. ಎನ್‌ಓಸಿ ತರಿಸಿ ಕೆಎ 20 ಬರೆಸುವ ತನಕ ದಾರಿಯಲ್ಲಿ ಪೊಲೀಸ್ ಟೋಪಿ ಕಂಡರೆ ಎದೆ ಡವಡವ. ಮಾರಲು ಮನಸ್ಸು ಬಾರದವರು ಇಂದ್ರಾಳಿಯ ರೈಲು ಸ್ಟೇಷನ್ನಿಗೆ ತಳ್ಳಿಕೊಂಡು ಬರುತ್ತಾರೆ. ಕೊಂಕಣ ರೈಲು 1998ರಲ್ಲಿ ಪೂರ್ತಿ ಓಡತೊಡಗಿದ ಮೇಲೆ ತೆರೆದುಕೊಂಡ ದಾರಿಯಿದು. ಟ್ಯಾಂಕಿನ ಪೆಟ್ರೋಲನ್ನು ಕೊನೆಯ ಹನಿಯವರೆಗೆ ಬಸಿದು, ಕನ್ನಡಿ ಬಿಚ್ಚಿ, ಹ್ಯಾಂಡಲ್ಲಿಗೂ ಟ್ಯಾಂಕಿಗೂ ಹುಲ್ಲು, ಗೋಣಿ ಸುತ್ತಿ, ದಬ್ಬಣದಿಂದ ಹೊಲಿಯುತ್ತಾರೆ. ಮೂಟೆಯ ಮೇಲೆ ಕುಂಚದಿಂದ ದೂರದ ಊರಿನ ಹೆಸರು. ನಾಲ್ಕು ವರ್ಷ ಎಂಡ್‌ ಪಾಯಿಂಟ್‌ನಿಂದ ಮಲ್ಪೆಗೆ ಓಡಿದ ಗಾಡಿಯನ್ನು ಹಾಗೆ ಪ್ಲಾಟ್‌ಫಾರ್ಮಿನಲ್ಲಿ ಬಿಟ್ಟು ತಿರುಗುವಾಗ ಎಷ್ಟೋ ಹುಡುಗರು ಗೋಣಿಯ ಮೇಲೆ ಕೈಯಿಟ್ಟು ನಿಲ್ಲುತ್ತಾರೆ.

1985ರಲ್ಲಿ ಬಂದ ಎರಡು ಗಾಡಿಗಳು ಊರನ್ನು ಎರಡು ಪಕ್ಷ ಮಾಡಿದವು. ಮನೆ ನಡೆಸುವವರಿಗೆ ಹೀರೋ ಹೋಂಡಾ ಸಿಡಿ 100. ಪೆಟ್ರೋಲ್ ಕುಡಿಯುವುದೂ ಕಡಿಮೆ, ಮಾತೂ ಕಡಿಮೆ. ಹರೆಯದವರಿಗೆ ಯಮಹಾ ಆರ್‌ಎಕ್ಸ್ 100. ಬರೀ 98 ಸಿಸಿ, ಆದರೆ ಹಗುರ ಮೈಗೆ ಹನ್ನೊಂದು ಕುದುರೆಯ ಬಲ. ಕೊಂಡ ಮೊದಲ ಭಾನುವಾರವೇ ಹೆಬ್ರಿ ದಾಟಿ ಸೋಮೇಶ್ವರದಲ್ಲಿ ಚಾ ಕುಡಿದು, ಆಗುಂಬೆಯ ಹದಿನಾಲ್ಕು ತಿರುವು ಹತ್ತಿ ಸೂರ್ಯಾಸ್ತ ನೋಡಿ ಬಂದರಷ್ಟೇ ಗಾಡಿ ತಮ್ಮದಾಯಿತೆಂಬ ಸಮಾಧಾನ. ತಿರುವಿನಲ್ಲಿ ಎರಡನೇ ಗೇರಿಗೆ ಇಳಿಸಿ ಆಕ್ಸಿಲರೇಟರ್ ತಿರುವಿದಾಗ ಎದ್ದ ನೀಲಿ ಹೊಗೆಯನ್ನೂ ಸುಟ್ಟ ಆಯಿಲಿನ ವಾಸನೆಯನ್ನೂ ಈಗ ಅರವತ್ತು ಮುಟ್ಟಿದವರೂ ಕಣ್ಣರಳಿಸಿ ಹೇಳುತ್ತಾರೆ. ಆ ಯಮಹಾದ ತಯಾರಿಯೂ 1996ರಲ್ಲೇ ನಿಂತಿತು. ಹೊಗೆಯ ನಿಯಮಗಳು ಬಿಗಿಯಾಗುತ್ತ ಬಂದದ್ದು ಒಳ್ಳೆಯದೇ ಆಯಿತು. ಆದರೂ ಆ ಕೂಗನ್ನು ಮರೆಯುವುದು ಕಷ್ಟ.

ಕಾರ್ಕಳದಲ್ಲಿ, 1432ರ ಗೊಮ್ಮಟ ನಿಂತ ಬಂಡೆಗುಡ್ಡ ಕಾಣುವಷ್ಟು ದೂರದಲ್ಲಿ, ತಗಡಿನ ಮಾಡಿನ ಗ್ಯಾರೇಜು. ಅಜ್ಜನ ಯೆಜ್ಡಿಯನ್ನು ಒಬ್ಬ ಹುಡುಗ ಟೆಂಪೋದಲ್ಲಿ ಹೇರಿಕೊಂಡು ಬಂದಿದ್ದಾನೆ. ಬಟನ್ ಒತ್ತಿ ಬೆಳೆದವನಿಗೆ ಕಿಕ್ಕರ್ ಎಲ್ಲಿದೆಯೆಂದೇ ತಿಳಿಯದು. ಮೇಸ್ತ್ರಿ ಎಡಗಡೆಯ ಗೇರ್ ಪೆಡಲನ್ನೇ ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿ ನಿಲ್ಲಿಸುತ್ತಾರೆ. ಗೇರು ಹಾಕುವ ಪೆಡಲೇ ಈಗ ಕಿಕ್ಕರ್. ಎರಡು ಕೆಲಸಕ್ಕೆ ಒಂದೇ ಕಬ್ಬಿಣ. ಪ್ಲಗ್ ಬಿಚ್ಚಿ, ಕಪ್ಪು ಮಸಿಯನ್ನು ಮರಳು ಕಾಗದದಲ್ಲಿ ತಿಕ್ಕಿ, ಎಂಜಿನ್ನಿಗೆ ತಾಗಿಸಿ ಕಿಡಿ ನೋಡುತ್ತಾರೆ. ಸಣ್ಣ ನೀಲಿ ಕಿಡಿ. ಪೆಟ್ರೋಲಿಗೆ ಆಯಿಲ್ ಬೆರೆಸಿ ಬಾಟಲಿ ಕುಲುಕಿ ಸುರಿಯುತ್ತಾರೆ. ‘ಒದಿ’ ಎಂದರೆ ಹುಡುಗ ಹೆದರಿ ಮೆಲ್ಲಗೆ ತುಳಿಯುತ್ತಾನೆ. ‘ಹಾಗಲ್ಲ, ಇಡೀ ಮೈ ಭಾರ ಹಾಕು.’ ಹತ್ತು ಸಲ ಒದ್ದ ಮೇಲೆ ಒಂದು ಕೆಮ್ಮು, ಒಂದು ಸಿಡಿತ, ಆಮೇಲೆ ಎರಡೂ ಸೈಲೆನ್ಸರಿನಿಂದ ಬಿಳಿ ಹೊಗೆ ಉಕ್ಕಿ ತಗಡೆಲ್ಲ ನಡುಗುತ್ತದೆ. ಆಚೆ ಅಂಗಡಿಯವರು ತಕ್ಕಡಿ ಬಿಟ್ಟು ಬಾಗಿಲಿಗೆ ಬರುತ್ತಾರೆ. ಒಬ್ಬರು ಅಜ್ಜನ ಹೆಸರು ಹಿಡಿದು, ‘ಅವರದ್ದಲ್ವಾ? ನನ್ನ ಮದುವೆಗೆ ದಿಬ್ಬಣದ ಮುಂದೆ ಇದೇ ಹೋದದ್ದು’ ಎನ್ನುತ್ತಾರೆ.

ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ–ಯೆಜ್ಡಿ ಸವಾರರ ದಿನ. ಬೇರೆ ಊರುಗಳಲ್ಲಿ ಬಿಸಿಲಿದ್ದರೂ ಇರಬಹುದು. ಇಲ್ಲಿ ಆಗ ಆಟಿ ತಿಂಗಳ ಹೊಸ್ತಿಲ ಜಡಿಮಳೆ. ಹುಡುಗ ಪಡುಬಿದ್ರಿಯವರೆಗಾದರೂ ಓಡಿಸುತ್ತೇನೆ ಎಂದಿದ್ದಾನೆ. ಪ್ಲಗ್ಗಿನ ಮೇಲೆ ಕಟ್ಟಲು ಸೈಕಲ್ ಟ್ಯೂಬಿನ ತುಂಡೊಂದನ್ನು ಮೇಸ್ತ್ರಿ ಈಗಲೇ ಕತ್ತರಿಸಿ ಅವನ ಕಿಸೆಗೆ ಹಾಕುತ್ತಾರೆ.