ಬೆನ್ನ ಮೇಲೆ ಮನೆ ಹೊತ್ತ ಲಾರಿ

ಅಮೆರಿಕದ ಹೆದ್ದಾರಿಗಳಲ್ಲಿ ಪಿಕಪ್ ಲಾರಿಯ ಬೆನ್ನ ಮೇಲೆ ಪುಟ್ಟ ಮನೆಯೊಂದು ಕುಳಿತು ಸಾಗುವುದುಂಟು. ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲವೂ ಅದರೊಳಗೇ. ಬೇಕಾದಾಗ ಏರಿಸಿ, ಬೇಡವಾದಾಗ ಇಳಿಸಿಡಬಹುದಾದ ಇದಕ್ಕೆ ಕ್ಯಾಂಪರ್ ಎಂದು ಹೆಸರು.

ಹೊರೆ ಕೂತೊಡನೆ ಲಾರಿಯ ಹಿಂಭಾಗ ಕುಗ್ಗುತ್ತದೆ. ತಿರುವಿನಲ್ಲೂ ಅಡ್ಡಗಾಳಿಯಲ್ಲೂ ಗಾಡಿ ತೊನೆಯುತ್ತದೆ. ಭಾರ ಹಿಂದಿನ ಅಚ್ಚಿಗಿಂತ ಆಚೆ ಬಿದ್ದರಂತೂ ಮುಂದಿನ ಚಕ್ರಗಳ ಹಿಡಿತವೇ ಸಡಿಲ. ನಮ್ಮ ಎತ್ತಿನ ಗಾಡಿಯಲ್ಲಿ ಹಿಂಭಾರವಾದರೆ ಮೂಕಿ ಮೇಲೇಳುವುದಿಲ್ಲವೇ? ಹಾಗೆಯೇ ಇದೂ.

ಉಪಾಯಗಳಿಲ್ಲದಿಲ್ಲ. ಹಿಂದಿನ ಸ್ಪ್ರಿಂಗಿನ ಕಮಾನು ಪಟ್ಟಿಗಳಿಗೆ ಇನ್ನೊಂದನ್ನು ಸೇರಿಸಬಹುದು. ಚೌಕಟ್ಟಿಗೂ ಅಚ್ಚಿಗೂ ನಡುವೆ ರಬ್ಬರಿನ ಗಾಳಿಚೀಲಗಳನ್ನಿಟ್ಟು, ಹೊರೆಗೆ ತಕ್ಕಂತೆ ಗಾಳಿ ತುಂಬಬಹುದು. ತೊನೆತ ತಗ್ಗಿಸಲು ಅಡ್ಡಸಲಾಕೆಯನ್ನು ದಪ್ಪನೆಯದಾಗಿ ಹಾಕಿಸಬಹುದು.

ಆದರೆ ಒಂದು ಮಾತನ್ನು ನಾವು ಒತ್ತಿ ಹೇಳಬೇಕಾಗಿದೆ. ಸ್ಪ್ರಿಂಗು ಬಲವಾದ ಮಾತ್ರಕ್ಕೆ ಲಾರಿ ಬಲವಾಗಲಿಲ್ಲ. ಬ್ರೇಕು, ಟಯರು, ಅಚ್ಚು ಮೊದಲಿನವೇ. ತಯಾರಕರು ಗೊತ್ತುಮಾಡಿದ ಒಟ್ಟು ತೂಕದ ಮಿತಿ ಚಾಲಕನ ಬಾಗಿಲ ಬಳಿ ಬರೆದಿರುತ್ತದೆ. ಯಾವ ಗಾಳಿಚೀಲವೂ ಅದನ್ನು ಏರಿಸಲಾರದು. 100 ಲೀಟರ್ ನೀರೆಂದರೆ 100 ಕಿಲೋ. ಜನ, ಪಾತ್ರೆ, ಸಾಮಾನು ಬೇರೆ.

ಆದುದರಿಂದ ಎಲ್ಲವನ್ನೂ ತುಂಬಿ, ಮನೆಮಂದಿಯನ್ನೂ ಕೂರಿಸಿ, ಲಾರಿಯನ್ನು ಮೊದಲು ತೂಗಿಸುವುದು ಜಾಣತನ. ಒಟ್ಟು ತೂಕದೊಡನೆ ಒಂದೊಂದು ಅಚ್ಚಿನ ಮೇಲೆ ಬೀಳುವ ಭಾರವನ್ನೂ ನೋಡಬೇಕು. ಮಿತಿ ಮೀರಿದ್ದರೆ ಹಗುರವಾದ ಕ್ಯಾಂಪರೋ ದೊಡ್ಡ ಲಾರಿಯೋ, ಎರಡರಲ್ಲೊಂದೇ ದಾರಿ. ನೆಟ್ಟಗೆ ನಿಂತ ಲಾರಿ ಕಣ್ಣಿಗೆ ಚೆಂದವೇ ಸರಿ. ಘಾಟಿಯ ಇಳಿಜಾರಿನಲ್ಲಿ ಒಳಗಿರುವ ಮಕ್ಕಳನ್ನು ಕಾಯುವುದು ಮಾತ್ರ ಬ್ರೇಕು.